ಕಿರೀಟ ಚಿನ್ನದ ಹಾಗೆ ಕಾಣುತ್ತಿಲ್ಲ, ಅರಿಶಿನ ಮೆತ್ತಿದ ಹಾಗಿದೆ. ಡಿಜಿಟಲ್ ಪೇಂಟಿಂಗ್ ಬಲ್ಲವರು ಸ್ವಲ್ಪ ಹೇಳಿ

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಕಡೆ, ಈಗಿರುವುದು ಡೊಂಬಿವಲಿ. ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ, ಮನೆ ಮುಟ್ಟುವಾಗ ರಾತ್ರಿ 9.30. ಊಟ ಮುಗಿಸಿ ಒಂದೂವರೆ ತಾಸು ಚಿತ್ರ ಬಿಡಿಸುತ್ತೇನೆ. ಹೋದ ದೀಪಾವಳಿಯ ಬೋನಸ್‌ನಲ್ಲಿ ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್ ತಗೊಂಡೆ, 5,500 ರೂಪಾಯಿ ಆಯಿತು. ಚಿತ್ರ ಬಿಡಿಸೋಕೆ ಕ್ರಿತಾ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ, ಪುಕ್ಕಟೆ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಏಳು ತಿಂಗಳಾಯಿತು. ವಿಡಿಯೋ ನೋಡುತ್ತಾ ಅವರು ಮಾಡಿದಂತೆ ಮಾಡಿದರೆ ಚೆನ್ನಾಗಿಯೇ ಬರುತ್ತದೆ. ವಿಡಿಯೋ ನಿಲ್ಲಿಸಿ ಸ್ವಂತವಾಗಿ ಕೂತರೆ ಕೈ ಕಟ್ಟಿ ಹಾಕಿದ ಹಾಗೆ. ತಲೆಯಲ್ಲಿ ಒಂದು ಪಾತ್ರ ಇದೆ. ಕರಾವಳಿ ಕಾಯುವ ರಾಣಿ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಅವಳ ಕೋಟೆ, ಮಳೆಗಾಲದ ನಾಲ್ಕು ತಿಂಗಳು ಸಮುದ್ರದಿಂದ ಏನೋ ಒಂದು ಮೇಲೆ ಬರುತ್ತದೆ, ಇವಳು ಅದನ್ನು ತಡೆಯಬೇಕು. ಕಥೆ ಜೋರಾಗಿದೆ ಅಂತ ನನಗೇ ಅನಿಸುತ್ತದೆ. ಬಿಡಿಸಿದ ಮೇಲೆ ನೋಡಿದರೆ ಬಿಳಿ ಚರ್ಮ, ಚೂಪು ಕಿವಿ, ಮೈತುಂಬ ಉಕ್ಕಿನ ಕವಚ. ನೆಟ್‌ನಲ್ಲಿರುವ ಸಾವಿರ ಚಿತ್ರಗಳಲ್ಲಿ ಇದೂ ಒಂದು. ಕಿರೀಟವಂತೂ ಕೇಳಬೇಡಿ. ಹಳದಿ ಬಳಿದು ಮೇಲೆ ಬಿಳಿ ಹೊಳಪು ಕೊಟ್ಟರೂ ಅರಿಶಿನ ಮೆತ್ತಿದ ಹಾಗಿದೆ.

ಇನ್ನೊಂದು ವಿಷಯ. ಇಲ್ಲೇ ಹತ್ತಿರದ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷದ ಕೋರ್ಸ್‌ಗೆ 2.4 ಲಕ್ಷ ಕೇಳುತ್ತಿದ್ದಾರೆ. ಸೇರಲಾ? ಚಿಕ್ಕಪ್ಪನ ಮಗ ಬೇರೆ, ಎಐಗೆ ಹೇಳಿದರೆ ಹತ್ತು ಸೆಕೆಂಡಿನಲ್ಲಿ ಬಿಡಿಸಿ ಕೊಡುತ್ತದೆ, ನೀನ್ಯಾಕೆ ನಿದ್ದೆಗೆಡುತ್ತೀ ಅಂತಾನೆ. ಮೊಬೈಲ್‌ನಲ್ಲಿ ಮಾಡಿಯೂ ತೋರಿಸಿದ. ನೋಡೋಕೆ ಚೆನ್ನಾಗಿತ್ತು, ಅದೇ ಬೇಜಾರು.

ಧಾರವಾಡ ಪೇಢೆ:

ತಮ್ಮಾ, ಮೊದಲು ದುಡ್ಡಿನ ವಿಷಯ ಮುಗಿಸೋಣ. ಸೇರಬೇಡ, ಕನಿಷ್ಠ ಈಗಲೇ ಬೇಡ. ನಾನು 2014ರಲ್ಲಿ ಇಂಥದ್ದೇ ಒಂದು ಕಡೆ ಸಾಲ ಮಾಡಿ ಸೇರಿದ್ದೆ. ಹನ್ನೊಂದು ತಿಂಗಳು ಫೋಟೊಶಾಪಿನ ಯಾವ ಮೆನು ಎಲ್ಲಿದೆ ಅಂತ ಬಾಯಿಪಾಠ ಮಾಡಿಸಿದರು, ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿ ಇವನನ್ನು ಬಿಡಿಸಿ ಅಂತ ಒಂದು ದಿನವೂ ಹೇಳಲಿಲ್ಲ. ಸಾಲ ತೀರೋಕೆ ಮೂರು ವರ್ಷ ಹಿಡಿಯಿತು. ಸೇರಲೇಬೇಕು ಅನಿಸಿದರೆ ಅಲ್ಲಿನ ಹಳೆಯ ವಿದ್ಯಾರ್ಥಿಗಳ ಸ್ಕೆಚ್‌ಬುಕ್ ತೋರಿಸಿ ಅಂತ ಕೇಳು. ಗೋಡೆಗೆ ಹಾಕಿದ ಫೈನಲ್ ಚಿತ್ರ ಬೇಡ, ಸ್ಕೆಚ್‌ಬುಕ್ಕೇ ಬೇಕು. ತೋರಿಸದಿದ್ದರೆ ಚಹಾ ಕುಡಿದು ಎದ್ದು ಬಾ.

ನಾನು ಈಗ ಗೇಮ್ ಕೆಲಸದಲ್ಲಿದ್ದೇನೆ, ದಿನವಿಡೀ ಪಾತ್ರಗಳನ್ನೇ ಮಾಡುವುದು. ಕಾನ್ಸೆಪ್ಟ್ ಆರ್ಟ್ ಅಂದರೆ ಚಂದದ ಚಿತ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಚಿತ್ರವನ್ನು ಗಮನವಿಟ್ಟು ನೋಡುವವನು ಒಬ್ಬನೇ, ಪಕ್ಕದ ಸಾಲಿನಲ್ಲಿ ಕೂತ ಮಾಡೆಲರ್. ಅವನು ಅದನ್ನು ನೋಡಿ ತ್ರೀಡಿಯಲ್ಲಿ ಕಟ್ಟಬೇಕು. ಅದಕ್ಕೇ ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯಿಂದ ಬಿಡಿಸಿ ಕೊಡಬೇಕಾಗುತ್ತದೆ. ಅವನ ಪ್ರಶ್ನೆಗಳೆಲ್ಲ ಒಂದೇ ಥರ. ಈ ಬೆಲ್ಟ್ ಬೆನ್ನಿನಲ್ಲಿ ಎಲ್ಲಿ ಸೇರುತ್ತದೆ? ಕೈ ಎತ್ತಿದರೆ ಭುಜದ ತಗಡು ಕೆನ್ನೆಗೆ ಚುಚ್ಚುವುದಿಲ್ವಾ? ನಿನ್ನ ಚಿಕ್ಕಪ್ಪನ ಮಗನಿಗೂ ಅದನ್ನೇ ಕೇಳು, ಆ ಹತ್ತು ಸೆಕೆಂಡಿನ ರಾಣಿಯ ಬೆನ್ನು ತೋರಿಸು ಅನ್ನು. ತೋರಿಸಿದರೂ ತೋರಿಸಿಯಾನು, ಅದು ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ. ಆದರೆ ಬೆಲ್ಟ್ ಅಲ್ಲಿ ಯಾಕಿದೆ ಅಂತ ಮಾಡೆಲರ್ ಕೇಳಿದರೆ ಅವನು ಏನು ಹೇಳುತ್ತಾನೆ?

ಈಗ ನಿನ್ನ ರಾಣಿ. ಮಳೆಗಾಲ, ಉಪ್ಪುಗಾಳಿ, ಕಾಲ ಕೆಳಗೆ ದೋಣಿ. ಇಂಥವಳು ಮೈತುಂಬ ಉಕ್ಕು ಯಾಕೆ ಹಾಕುತ್ತಾಳೆ? ವಾರದಲ್ಲಿ ತುಕ್ಕು, ನೀರಿಗೆ ಬಿದ್ದರೆ ಸೀದಾ ತಳಕ್ಕೆ. ಸದ್ಯಕ್ಕೆ ಬಣ್ಣ ಪೂರ್ತಿ ಬಿಡು. ಒಂದು ಪುಟದಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ಕಪ್ಪು ಆಕೃತಿ ಇಪ್ಪತ್ತು ಮಾಡು, ಒಳಗೆ ಕಣ್ಣು ಮೂಗು ಏನೂ ಬೇಡ. ಹತ್ತರವರೆಗೆ ಎಲ್ಲೋ ನೋಡಿದ್ದೇ ಬರುತ್ತದೆ. ಆಮೇಲೆ ತಲೆ ಖಾಲಿಯಾಗಿ ಸಿಟ್ಟು ಬರುತ್ತದೆ, ನಿನ್ನ ಸ್ವಂತದ್ದು ಏನಾದರೂ ಇದ್ದರೆ ಅಲ್ಲಿಂದ ಶುರು. ಕ್ರಿತಾದಲ್ಲಿ ಎಂ ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ, ಆಗಾಗ ಒತ್ತುತ್ತಿರು. ಮುಖ ಎಷ್ಟು ಸೊಟ್ಟ ಇದೆ ಅಂತ ಕಂಡು ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ಎಲ್ಲರಿಗೂ ಹಾಗೇ. ಟ್ಯಾಬ್ಲೆಟ್ ಬದಲಿಸುವ ಯೋಚನೆ ಇದ್ದರೆ ಬಿಟ್ಟುಬಿಡು, ಇರುವುದೇ ಸಾಕು.

ಚೌಕಿ ಮೂಲೆ:

ಮಾರಾಯ್ರೆ, ಕುಂದಾಪುರದವರಾಗಿ ಚೂಪು ಕಿವಿಯ ರಾಣಿ ಬಿಡಿಸಿ ಕೂತಿದ್ದೀರಲ್ಲ! ಸಣ್ಣವರಿದ್ದಾಗ ಯಕ್ಷಗಾನ ಬಯಲಾಟ ನೋಡಿಲ್ವಾ? ಕಂಬಳಿ ಹೊದ್ದು ಹಿಂದಿನ ಸಾಲಿನಲ್ಲಿ ಅರ್ಧ ನಿದ್ದೆಯಲ್ಲಿದ್ದರೂ ರಂಗಕ್ಕೆ ಬಂದದ್ದು ಯಾರು ಅಂತ ಗೊತ್ತಾಗುತ್ತಿತ್ತು. ಮುಖ ಎಲ್ಲಿ ಕಾಣುತ್ತದೆ ಅಷ್ಟು ದೂರಕ್ಕೆ, ತಲೆ ಕಂಡೇ ಹೇಳುವುದು. ನಮ್ಮ ಬಡಗುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಬಡಗಿನ ಶೈಲಿಯಲ್ಲಿ, ತಲೆಗೆ ಕಟ್ಟಿದ ಕೇದಗೆ ಮುಂದಲೆ ಕಂಡರೆ ಅಭಿಮನ್ಯುವಿನಂಥ ಎಳೆ ಪ್ರಾಯದ ವೀರ. ದೊಡ್ಡ ಮುಂಡಾಸು ಇದ್ದರೆ ಕರ್ಣನೋ ಅರ್ಜುನನೋ. ರಾಕ್ಷಸರ ಬಣ್ಣದ ವೇಷ ಬಂತೆಂದರೆ ಹೇಳುವುದೇ ಬೇಡ, ನಾವು ಕಂಬಳಿ ಒಳಗೆ. ಮೇಲಿನವರು ಹೇಳಿದ ಕಪ್ಪು ಆಕೃತಿ ಇದೇ ಅಲ್ವಾ? ಕರೆಂಟ್ ಇಲ್ಲದ ಕಾಲಕ್ಕೆ ದೊಂದಿ ಬೆಳಕಿನಲ್ಲಿ ನಡೆಯುತ್ತಿದ್ದ ಆಟ, ದೂರಕ್ಕೆ ಕಾಣದಿದ್ದರೆ ವೇಷ ಕಟ್ಟಿ ಏನು ಪ್ರಯೋಜನ.

ನಾನು ಗೋರೆಗಾಂವ್‌ನಲ್ಲಿ ಕ್ಯಾಂಟೀನ್ ನಡೆಸುವವನು. ಕಂಪ್ಯೂಟರ್ ಪೇಂಟಿಂಗ್ ಗೊತ್ತಿಲ್ಲ, ಮಗಳು ಕಲಿಯುತ್ತಿದ್ದಾಳೆ ಅಂತ ಸುಮ್ನೆ ಓದುತ್ತೇನೆ. ಆದರೆ ಅಪ್ಪ ವೇಷ ಮಾಡುತ್ತಿದ್ದರು, ಕಿರೀಟದ ಬಗ್ಗೆ ಒಂದು ಮಾತು ಹೇಳಬಲ್ಲೆ. ಹಳೆಯ ವೇಷದ ಆಭರಣಗಳಲ್ಲಿ ಲೋಹವೇ ಕಡಿಮೆ. ಹಗುರ ಮರ ಕೆತ್ತಿ, ಮೇಲೆ ಹೊಳೆಯುವ ತೆಳು ಬೇಗಡೆ ಹಾಳೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಇಡುತ್ತಿದ್ದರು. ರಾತ್ರಿಯಿಡೀ ಕುಣಿಯಬೇಕಲ್ಲ, ಭಾರ ಆದರೆ ಕುತ್ತಿಗೆ ಉಳಿಯುತ್ತದಾ? ಬಟ್ಟೆ ಸುತ್ತಿ ಹಗ್ಗ ಎಳೆದು ಬಿಗಿದದ್ದಕ್ಕೆ ಅಪ್ಪನ ಹಣೆಯ ಮೇಲೆ ಒಂದು ಗೀರು ಬೀಳುತ್ತಿತ್ತು, ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಹಾಗೇ ಇರುತ್ತಿತ್ತು. ನಿಮ್ಮ ರಾಣಿಯ ಕಿರೀಟ ತಲೆ ಮೇಲೆ ಹೇಗೆ ನಿಂತಿದೆ? ಆ ಗಾಳಿಗೆ ಹಾರುವುದಿಲ್ವಾ? ಹಾಗಂತ ಯಕ್ಷಗಾನದ ವೇಷವನ್ನೇ ಎತ್ತಿ ಅವಳಿಗೆ ತೊಡಿಸಬೇಡಿ ಮತ್ತೆ, ಅದೂ ನಕಲೇ. ಕಟ್ಟುವ ಕ್ರಮ ನೋಡಿ ಅಂದೆ ಅಷ್ಟೇ.

ಪುಣೆ ಅಕ್ಕ:

ಚಿನ್ನ ಬಿಡಿಸುವುದು ಹೇಗೆ ಅಂತ ಇನ್ನೂ ಯಾರೂ ಹೇಳಿಲ್ಲ. ಅಡುಗೆಮನೆಯಿಂದ ಒಂದು ಹಿತ್ತಾಳೆ ಚೊಂಬು ತಗೊಳ್ಳಿ, ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿ. ಕಿಟಕಿ ಪಕ್ಕ ಇಟ್ಟು ಕಣ್ಣು ಅರ್ಧ ಮುಚ್ಚಿ ನೋಡಿ. ಅಚ್ಚ ಹಳದಿ ಎಷ್ಟಿದೆ? ನನ್ನ ಚೊಂಬಿನಲ್ಲಿ ಕಾಲು ಭಾಗವೂ ಇರಲಿಲ್ಲ. ಕಿಟಕಿಯ ಸರಳು ಬಾಗಿ ಕಪ್ಪು ಗೆರೆಯಾಗಿ ಇಳಿದಿರುತ್ತದೆ, ಬುಡದ ಹತ್ತಿರ ಡಿಕಾಕ್ಷನ್‌ನಂಥ ಕಂದು, ನೀವು ನೀಲಿ ಶರ್ಟ್ ಹಾಕಿಕೊಂಡು ಎದುರಿಗೆ ಕೂತಿದ್ದರೆ ಚೊಂಬಿನ ಹೊಟ್ಟೆಯ ಮೇಲೆ ಮಂಕು ಹಸಿರಿನ ಒಂದು ಛಾಯೆ. ಮತ್ತೆ ಆ ಕಪ್ಪಿನ ಪಕ್ಕದಲ್ಲೇ, ನಡುವೆ ಏನೂ ಇಲ್ಲದೆ, ಕಣ್ಣಿಗೆ ಹೊಡೆಯುವ ಬಿಳಿ. ಲೋಹ ಅಂತ ಕಣ್ಣಿಗೆ ಹೇಳುವುದೇ ಆ ಅಂಚು. ನೀವು ಹಳದಿಯಿಂದ ತಿಳಿ ಹಳದಿಗೆ, ಅಲ್ಲಿಂದ ಬಿಳಿಗೆ ಮೆತ್ತಗೆ ತೀಡಿಕೊಂಡು ಹೋಗಿರುತ್ತೀರಿ, ಅದಕ್ಕೇ ಅರಿಶಿನ.

ಮೊದಲು ಬರೀ ಬೂದು ಬಣ್ಣದಲ್ಲಿ ಚೊಂಬು ಮಾಡಿ. ಬೂದು ಬಣ್ಣದಲ್ಲೇ ಲೋಹ ಅನಿಸಬೇಕು. ಅನಿಸಿದ ಮೇಲೆ ಮೇಲೆ ಪಾರದರ್ಶಕ ಹಾಳೆ ಇಟ್ಟ ಹಾಗೆ ಹೊಸ ಲೇಯರ್ ಇಟ್ಟು, ಅದು ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಅನ್ನುವ ಬ್ಲೆಂಡಿಂಗ್ ಮೋಡನ್ನು ಕಲರ್‌ಗೆ ಬದಲಿಸಿ ಕಂದು, ಹಳದಿ ಹಾಕಿ. ನೆರಳು ಸತ್ತ ಹಾಗೆ ಕಂಡರೆ ಸ್ವಲ್ಪ ಕೆಂಪು ಸೇರಿಸಿ. ಅಂಚು ಮಸುಕಾಗಿ ಬರುವ ಏರ್‌ಬ್ರಶ್ ಒಂದು ತಿಂಗಳು ಮುಟ್ಟಬೇಡಿ, ಗಟ್ಟಿ ಅಂಚಿನ ದುಂಡು ಬ್ರಶ್ ಒಂದೇ ಸಾಕು.

ಪುಣೆ ಕಡೆ ಬಂದರೆ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ತಪ್ಪಿಸಬೇಡಿ. ದೀಪ, ಬೀಗ, ವಾದ್ಯ, ಕೆತ್ತನೆಯ ಬಾಗಿಲು, ಎಲ್ಲಾ ಜನ ಬಳಸಿದ ಸಾಮಾನು. ಅಡಕತ್ತರಿಗಳ ಎದುರು ನಾನು ಒಂದಿಡೀ ಮಧ್ಯಾಹ್ನ ನಿಂತಿದ್ದೆ, ಅಡಿಕೆ ಕತ್ತರಿಸೋಕೆ ಇಷ್ಟೊಂದು ಆಕಾರ ಬೇಕಾ ಅನಿಸುತ್ತದೆ. ಕವಚ ನೋಡಬೇಕಾದರೆ ನಿಮ್ಮ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲೇ ಇದೆ. ಬೇರೆಯವರ ಚಿತ್ರದ ಹಾಗೆ ಬರುತ್ತದೆ ಅಂತ ಜಾಸ್ತಿ ಬೇಜಾರು ಬೇಡ. ಲಕ್ಷ್ಮಿ, ಸರಸ್ವತಿ ಅಂದ ಕೂಡಲೇ ನಮ್ಮ ತಲೆಗೆ ಬರುವುದೂ ಕ್ಯಾಲೆಂಡರ್ ಚಿತ್ರವೇ ಅಲ್ವಾ. ಅಂಥ ಚಿತ್ರಗಳನ್ನು ಅಚ್ಚು ಹಾಕೋಕೆ ಚಿತ್ರಕಾರ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ, ಆಮೇಲೆ ಅದು ಲೋಣಾವಳ ಪಕ್ಕದ ಮಳವಲಿಗೆ ಬಂತು. ಲೋಕಲ್‌ನಲ್ಲಿ ಆ ಸ್ಟೇಷನ್ ದಾಟುವಾಗಲೆಲ್ಲ ನನಗೆ ಒಂದೇ ಯೋಚನೆ: ದೇವಿಗೆ ಯಾವ ಸೀರೆ, ಕೈಯಲ್ಲಿ ಏನು, ಹಿಂದೆ ಏನು ಕಾಣಬೇಕು ಅಂತ ಒಬ್ಬ ಮನುಷ್ಯ ಕೂತು ತೀರ್ಮಾನ ಮಾಡಿದ್ದ.

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ಥ್ಯಾಂಕ್ಸ್, ಒಂಬತ್ತು ದಿನ ತಡ ಆಯಿತು. ಕೋರ್ಸ್ ಬೇಡ ಅಂದುಕೊಂಡೆ. ಚೊಂಬು ಮೂರು ಸಲ ಮಾಡಿದೆ, ಮೂರನೆಯದನ್ನು ರೂಮ್‌ಮೇಟ್ ನೋಡಿ ಫೋಟೋನಾ ಅಂದ. ಅವನಿಗೆ ಚಾಳೀಸು ಬಂದಿದೆ, ಆದರೂ ಖುಷಿ.

ಕಪ್ಪು ಆಕೃತಿಗಳನ್ನು ಘಾಟ್‌ಕೋಪರ್‌ನಿಂದ ಮನೆಗೆ ಬರುವಾಗ ಟ್ರೇನ್‌ನಲ್ಲೇ ಚಿಕ್ಕ ನೋಟ್‌ಬುಕ್ಕಿನಲ್ಲಿ ಮಾಡಿದೆ. ಪೇಢೆ ಅಣ್ಣ ಹೇಳಿದ್ದು ನಿಜ, ಹನ್ನೆರಡಕ್ಕೆ ನೋಟ್‌ಬುಕ್ ಬಾಗಿಲಿನಿಂದ ಎಸೆಯುವಷ್ಟು ಸಿಟ್ಟು ಬಂತು. ಹದಿನಾಲ್ಕನೆಯದು ಮಾಡುವಾಗ ಅಜ್ಜಿ ನೆನಪಾದರು. ನಾಟಿ ಸಮಯದಲ್ಲಿ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿ ಬಗ್ಗಿ ನಿಂತರೆ ಗದ್ದೆಯ ತುಂಬ ಆಮೆಗಳು ನಿಂತ ಹಾಗೆ ಕಾಣುತ್ತಿತ್ತು. ರಾಣಿಗೆ ಉಕ್ಕು ತೆಗೆದು ಗೊರಬು ಹಾಕಿದೆ, ಬಿದಿರಿನ ಹೆಣಿಗೆ, ನಡುವೆ ಎಲೆ, ಸೊಂಟದವರೆಗೆ. ನೀರು ಜಾರುತ್ತದೆ, ಬಿದ್ದರೆ ತೇಲುತ್ತದೆ. ಮೈಬಣ್ಣ ಅಜ್ಜಿಯದ್ದೇ, ಕೈಯಲ್ಲಿ ಈಟಿ. ಕಿರೀಟ ಇಡೋಕೆ ಜಾಗವೇ ಇಲ್ಲ, ತೆಗೆದುಬಿಟ್ಟೆ. ಪಾಪ, ಚೊಂಬು ಉಜ್ಜಿದ್ದು ದಂಡ.

ಪುಣೆ ಅಕ್ಕ:

ದಂಡ ಯಾಕೆ, ಅವಳ ಕೈಯಲ್ಲಿ ಈಟಿ ಇದೆಯಲ್ಲ, ಅದರ ಮೊನೆಗೆ ಆಯಿತು.

ಧಾರವಾಡ ಪೇಢೆ:

ಈಟಿ ಅಂದಿರಿ, ನೆನಪಾಯಿತು. ಗೊರಬು ಹೊತ್ತುಕೊಂಡು ಈಟಿ ಎಸೆಯೋಕೆ ಕೈ ಎತ್ತಿದರೆ ಏನಾಗುತ್ತದೆ? ಹಿಂದಿನಿಂದಲೂ ಪಕ್ಕದಿಂದಲೂ ಬಿಡಿಸಿ ಹಾಕು ನೋಡೋಣ.

ಚೌಕಿ ಮೂಲೆ:

ಬರುವ ಭಾನುವಾರ ಮಾಟುಂಗದಲ್ಲಿ ಊರಿನ ಮೇಳದ ಆಟ ಇದೆ. ಮಧ್ಯಾಹ್ನ 2 ಗಂಟೆಗೇ ಬನ್ನಿ, ವೇಷ ಕಟ್ಟುವ ಚೌಕಿಯಲ್ಲಿ ಕೂರಿಸುತ್ತೇನೆ, ಕಟ್ಟುವುದನ್ನು ಮೊದಲಿನಿಂದ ನೋಡಬಹುದು. ಪೆನ್ಸಿಲ್ ತನ್ನಿ. ಬಿಳಿ ಅಂಗಿ ಹಾಕಬೇಡಿ.