ಮೂರೇ ದಿನಕ್ಕೆ ಡಿಸ್ಚಾರ್ಜ್: ಇದು ಡಾಕ್ಟರ ತೀರ್ಮಾನವೋ, ದುಡ್ಡಿನ ಲೆಕ್ಕವೋ?

ಹಸಿರುಬಳ್ಳಿ:
ಕಳೆದ ತಿಂಗಳು ಅಮ್ಮನಿಗೆ ಹೊಟ್ಟೆ ಆಪರೇಷನ್ ಆಯಿತು. ಮೂರನೇ ದಿನ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ಇವತ್ತು ಮನೆಗೆ ಹೋಗಬಹುದು ಅಂದರು. ಒಳಗೆ ಸೇರುವ ನೀರನ್ನು ಹೊರಗಿನ ಚೀಲಕ್ಕೆ ಹರಿಸುವ ಡ್ರೈನ್ ಟ್ಯೂಬ್ ಪಕ್ಕೆಯಲ್ಲಿ ಇನ್ನೂ ಹಾಗೇ ಇತ್ತು. ಹೊರಡುವ ಹೊತ್ತಿಗೆ ನರ್ಸ್ ಒಬ್ಬರು ಬಂದು, ಚೀಲ ಹೇಗೆ ಖಾಲಿ ಮಾಡಬೇಕು, ಎಷ್ಟು ಎಂಎಲ್ ಬಂತು ಅಂತ ಹೇಗೆ ಬರೆದಿಡಬೇಕು, ಎಲ್ಲವನ್ನೂ ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ನನ್ನ ಕೈ ನಡುಗುತ್ತಿತ್ತು, ಅರ್ಧ ತಲೆಗೇ ಹೋಗಲಿಲ್ಲ. ಅವತ್ತು ರಾತ್ರಿ ಎರಡು ಗಂಟೆಗೆ ಚೀಲ ತುಂಬಿ, ಬೆಡ್‌ಶೀಟೆಲ್ಲ ಒದ್ದೆ ಆದಾಗ ಯಾರಿಗೆ ಫೋನ್ ಮಾಡಬೇಕು ಅಂತಾನೂ ಗೊತ್ತಿರಲಿಲ್ಲ. ಹಿಂದೆ ಅಜ್ಜಿಗೆ ಇದೇ ಆಪರೇಷನ್ ಆದಾಗ ಹತ್ತು ದಿನ ಇಟ್ಟುಕೊಂಡಿದ್ದರು. ಬಿಲ್ಲಿಂಗ್ ಕೌಂಟರ್ ಹತ್ತಿರ "ಪ್ಯಾಕೇಜ್ ಇಷ್ಟೇ" ಅನ್ನೋ ಮಾತು ಕಿವಿಗೆ ಬಿತ್ತು. ಅಂದರೆ ಖರ್ಚು ಕಡಿಮೆ ಮಾಡೋಕೆ ಬೇಗ ಕಳಿಸುತ್ತಾರಾ? ಗೊತ್ತಿರುವವರು ಹೇಳಿ.

ಲೆಕ್ಕದವನು:
ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಆಸ್ಪತ್ರೆಗೆ ದುಡ್ಡು ಹೇಗೆ ಬರುತ್ತದೆ ಅನ್ನೋದರ ಮೇಲೆ ದಿನಗಳ ಲೆಕ್ಕ ತುಂಬಾ ನಿಂತಿದೆ. ದಿನಕ್ಕಿಷ್ಟು ಅಂತ ಕೊಟ್ಟರೆ ರೋಗಿ ಜಾಸ್ತಿ ದಿನ ಇದ್ದಷ್ಟೂ ಆಸ್ಪತ್ರೆಗೆ ಲಾಭ. ಒಂದು ಕಾಯಿಲೆಗೆ ಒಟ್ಟು ಇಷ್ಟು ಅಂತ ಮೊದಲೇ ಗೊತ್ತುಮಾಡಿದರೆ, ಆ ಮೊತ್ತದ ಆಚೆ ಹೋಗುವ ಪ್ರತಿ ದಿನವೂ ಆಸ್ಪತ್ರೆಯ ಕೈಯಿಂದಲೇ ಖರ್ಚು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕ. ಅಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್ ಮೊದಲು ಆಸ್ಪತ್ರೆಗೆ ಆದ ಖರ್ಚನ್ನು ತುಂಬಿಕೊಡುತ್ತಿತ್ತು. 1983ರಲ್ಲಿ ಅದನ್ನು ಬಿಟ್ಟು ಡಿಆರ್‌ಜಿ ಪದ್ಧತಿಗೆ ಬಂತು, ಅಂದರೆ ಕಾಯಿಲೆಗಳನ್ನು ಗುಂಪು ಮಾಡಿ ಗುಂಪಿಗೊಂದು ದರ. ಆಮೇಲೆ ಹಾರ್ಟ್ ಅಟ್ಯಾಕ್, ನ್ಯುಮೋನಿಯಾ, ಸ್ಟ್ರೋಕ್, ಸೊಂಟದ ಮೂಳೆ ಮುರಿತದಂಥ ಐದು ಕಾಯಿಲೆಗಳ ರೋಗಿಗಳನ್ನು ನೋಡಿದ ದೊಡ್ಡ ಅಧ್ಯಯನವೊಂದು 1990ರಲ್ಲಿ ಬಂತು. ಆಸ್ಪತ್ರೆಯಲ್ಲಿ ಇರುವ ದಿನಗಳು ಸುಮಾರು 24% ಇಳಿದಿದ್ದವು. ಅದರಿಂದ ಸಾವು ಜಾಸ್ತಿ ಆಗಿರಲಿಲ್ಲ. ಆದರೆ ಮನೆಗೆ ಹೋದವರಲ್ಲಿ ಜ್ವರ, ಉಸಿರಾಟ, ಬಿಪಿಯಂಥವು ಇನ್ನೂ ಹದಕ್ಕೆ ಬರದವರ ಪಾಲು 10% ಇದ್ದದ್ದು 15% ಆಗಿತ್ತು. ನಿಮ್ಮ ಅಮ್ಮನ ಥರದವರ ಕಥೆ ಈ ಅಂಕಿಯೊಳಗೇ ಇದೆ ಅಂತ ನನಗನ್ನಿಸುತ್ತದೆ.

ವಾರ್ಡ್ ಸಿಸ್ಟರ್:
ನಾನು ಸರ್ಜರಿ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಒಂದು ಮಾತು ಹೇಳಲೇಬೇಕು, ಬೇಗ ಕಳಿಸೋದೆಲ್ಲ ದುಡ್ಡಿಗಾಗಿ ಅಲ್ಲ. ಅಜ್ಜಿಯ ಕಾಲದಲ್ಲಿ ಹೊಟ್ಟೆ ಉದ್ದಕ್ಕೂ ಕೊಯ್ಯುತ್ತಿದ್ದರು, ಈಗ ಎಷ್ಟೋ ಆಪರೇಷನ್ ಸಣ್ಣ ತೂತಿನಲ್ಲೇ ಮುಗಿಯುತ್ತದೆ. ವಯಸ್ಸಾದವರು ಹಾಸಿಗೆಯಲ್ಲೇ ಮಲಗಿದ್ದರೆ ಕಾಲಿನ ಶಕ್ತಿ ಬೇಗ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವ ಭಯ ಬೇರೆ, ಆಸ್ಪತ್ರೆಯ ಸೋಂಕು ಬೇರೆ. ಡ್ರೈನ್ ಇಟ್ಟುಕೊಂಡೇ ಮನೆಗೆ ಹೋಗೋದೂ ತಪ್ಪಲ್ಲ.

ನಿಮ್ಮಲ್ಲಿ ತಪ್ಪಾಗಿದ್ದು ಆ ಐದು ನಿಮಿಷ. ಡ್ರೈನ್ ನೋಡಿಕೊಳ್ಳೋದನ್ನು ಮೊದಲ ದಿನದಿಂದಲೇ ನಿಮ್ಮ ಕೈಯಲ್ಲಿ ಮಾಡಿಸಬೇಕಿತ್ತು, ನಾವು ಪಕ್ಕದಲ್ಲಿ ನಿಂತು ನೋಡಬೇಕಿತ್ತು. ದಿನ ಕಡಿಮೆ ಮಾಡಿ, ಜೊತೆಗೆ ನರ್ಸ್‌ಗಳನ್ನೂ ಕಡಿಮೆ ಮಾಡಿದರೆ ಕಲಿಸೋಕೆ ಪುರುಸೊತ್ತು ಎಲ್ಲಿಂದ ಬರಬೇಕು? ಆಸ್ಪತ್ರೆ ಉಳಿಸಿದ ಖರ್ಚು ಮಾಯ ಆಗೋದಿಲ್ಲ, ಮಗಳ ರಜೆಗೆ, ಮಗಳ ನಿದ್ದೆಗೆ ಬಂದು ಸೇರುತ್ತದೆ. ಅದನ್ನು ಯಾರೂ ಬರೆದಿಡೋದಿಲ್ಲ, ನನಗೆ ಅದೇ ಸಂಕಟ.

ಇನ್ನು ಮುಂದೆ ಯಾರನ್ನೇ ಕರ್ಕೊಂಡು ಬರುವಾಗಲೂ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಲಕ್ಷಣ ಕಂಡರೆ ಕಾಯದೆ ವಾಪಸ್ ಬರಬೇಕು, ಇವೆರಡನ್ನೂ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ಕೇಳೋಕೆ ಸಂಕೋಚ ಬೇಡ.

ಲೆಕ್ಕದವನು:
ಸಿಸ್ಟರ್ ಹೇಳಿದ್ದು ಸರಿ. ದುಡ್ಡಿಗಾಗಿ ಬೇಗ ಕಳಿಸೋದಕ್ಕೆ ಕಡಿವಾಣ ಹಾಕಿದವರೂ ಇದ್ದಾರೆ. ಜರ್ಮನಿಯ ಡಿಆರ್‌ಜಿಯಲ್ಲಿ ಎಷ್ಟೋ ಗುಂಪುಗಳಿಗೆ ಕನಿಷ್ಠ ದಿನದ ಗೆರೆ ಇದೆ, ಅದಕ್ಕಿಂತ ಮೊದಲೇ ಕಳಿಸಿದರೆ ಆಸ್ಪತ್ರೆಗೆ ಬರುವ ದುಡ್ಡು ಕಡಿತ. ಅಮೆರಿಕದಲ್ಲಿ ಬಾಣಂತಿಯರನ್ನು ಒಂದೇ ದಿನಕ್ಕೆ ಕಳಿಸೋದು ಜಾಸ್ತಿಯಾಗಿ ಗಲಾಟೆ ಎದ್ದಾಗ 1996ರಲ್ಲಿ ಕಾನೂನು ಬಂತು: ಹೆರಿಗೆ ವೆಚ್ಚ ಭರಿಸುವ ವಿಮೆ ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆಗಿಂತ ಕಡಿಮೆ ಮಿತಿ ಹಾಕುವಂತಿಲ್ಲ. 2012ರಿಂದ ಮೆಡಿಕೇರ್, ಕೆಲವು ಕಾಯಿಲೆಗಳಲ್ಲಿ 30 ದಿನದೊಳಗೆ ವಾಪಸ್ ಅಡ್ಮಿಟ್ ಆಗುವವರು ಮಿತಿಮೀರಿದರೆ ಆಸ್ಪತ್ರೆಗೆ ದಂಡ ಹಾಕುತ್ತದೆ. ಆದರೆ ಅಡ್ಮಿಟ್ ಅಂತ ಬರೆಯದೆ ಬರೀ ನಿಗಾ ಅಂತ ಮಲಗಿಸಿದರೆ ಆ ಲೆಕ್ಕಕ್ಕೆ ಬರೋದಿಲ್ಲ, ಅದಕ್ಕೇ ಒಂದು ಅಂಕಿ ನಂಬಿ ಕೂರಬಾರದು ಅಂತೀನಿ.

ಹಸಿರುಬಳ್ಳಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಈಗ ಓಡಾಡುತ್ತಿದ್ದಾರೆ, ಟ್ಯೂಬ್ ತೆಗೆದು ಎರಡು ವಾರ ಆಯಿತು. ಸಿಸ್ಟರ್, ನೀವು ಹೇಳಿದ ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ವಾರ ಚಿಕ್ಕಮ್ಮನ ಮಂಡಿ ಆಪರೇಷನ್ ಇದೆ, ಅಡ್ಮಿಟ್ ಆದ ದಿನವೇ ಕೇಳುತ್ತೇನೆ.