‘ಪೈವ್ಯಾಕೆಟ್’: ಆ ಕಾಡಿಗೆ ನಿಜವಾಗಿ ಏನಾದರೂ ಬಂದಿತ್ತೇ?

ವಿರಾಜಪೇಟೆ ಓದುಗ:
ಕೆನಡಾದ ನಿರ್ದೇಶಕ ಆ್ಯಡಮ್ ಮ್ಯಾಕ್‌ಡೊನಾಲ್ಡ್ 2017ರಲ್ಲಿ ಮಾಡಿದ ‘ಪೈವ್ಯಾಕೆಟ್’ ಚಿತ್ರವನ್ನು ಬಳಗದ ಹಲವರು ಈ ಮಳೆಗಾಲದಲ್ಲಿ ನೋಡಿರುವುದರಿಂದ ಚರ್ಚೆ ಆರಂಭಿಸುತ್ತಿದ್ದೇನೆ. ಕೊನೆಯನ್ನು ಹೇಳದೆ ಈ ಚಿತ್ರದ ಬಗ್ಗೆ ಮಾತಾಡಲಾಗದು. ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಕಥೆ ಚಿಕ್ಕದು. ತಂದೆಯನ್ನು ಕಳೆದುಕೊಂಡ ಲಿಯಾ ಎಂಬ ಹದಿಹರೆಯದ ಹುಡುಗಿ (ನಿಕೋಲ್ ಮುನ್ಯೋಸ್) ಮಾಟಮಂತ್ರದ ಪುಸ್ತಕಗಳ ಕಡೆ ವಾಲಿದ್ದಾಳೆ. ತಾಯಿ (ಲಾರಿ ಹೋಲ್ಡನ್) ದುಃಖ ತಾಳಲಾರದೆ ಹಳೆಯ ಮನೆ ಬಿಟ್ಟು, ಮಗಳನ್ನು ಗೆಳೆಯರಿಂದ ದೂರ ಮಾಡಿ, ಕಾಡಿನ ಒಂಟಿ ಮನೆಗೆ ಕರೆದೊಯ್ಯುತ್ತಾಳೆ. ಒಂದು ಜಗಳದಲ್ಲಿ, ನಿನ್ನ ಮುಖ ನೋಡಿದರೆ ಅವನೇ ಕಾಣುತ್ತಾನೆ ಎಂಬರ್ಥದ ಮಾತು ತಾಯಿಯ ಬಾಯಿಂದ ಬಂದುಬಿಡುತ್ತದೆ. ಹುಡುಗಿ ಕಾಡಿಗೆ ಹೋಗಿ, ತನ್ನ ಕೈಯನ್ನೇ ಕೊಯ್ದುಕೊಂಡು, ತಾಯಿಯನ್ನು ಕೊಲ್ಲೆಂದು ಪೈವ್ಯಾಕೆಟ್ ಎಂಬ ಶಕ್ತಿಯನ್ನು ಕರೆಯುತ್ತಾಳೆ. ಅಷ್ಟರಲ್ಲಿ ತಾಯಿಯ ಕೋಪ ಇಳಿದಿರುತ್ತದೆ, ಅವಳು ಕ್ಷಮೆಯನ್ನೂ ಕೇಳುತ್ತಾಳೆ. ಕರೆದದ್ದು ಮಾತ್ರ ಹಿಂದಿರುಗುವುದಿಲ್ಲ. ಕೊನೆಯಲ್ಲಿ, ಕಾಡಿನಲ್ಲಿ ತಾಯಿಯ ಶವವನ್ನು ಕಂಡೆನೆಂದು ನಂಬಿದ ಲಿಯಾ, ಮನೆಯಲ್ಲಿರುವುದು ತಾಯಿಯ ರೂಪ ತಾಳಿದ ಪೈವ್ಯಾಕೆಟ್ ಎಂದುಕೊಂಡು ಬೆಂಕಿ ಹಚ್ಚುತ್ತಾಳೆ. ಕಾಡಿನಲ್ಲಿ ಶವವೇ ಇರಲಿಲ್ಲವೆಂದು ಪೊಲೀಸರು ತಿಳಿಸುತ್ತಾರೆ.

ನನ್ನ ಅಭಿಪ್ರಾಯ ಇಷ್ಟು: ಈ ಚಿತ್ರದ ಭಯ ಕಾಡಿನಿಂದ ಬಂದ ಆಕೃತಿಯಲ್ಲಿಲ್ಲ, ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ವಾಪಸು ಪಡೆಯಲಾಗದು ಎಂಬುದರಲ್ಲಿದೆ. ‘ನೀನು ಸತ್ತರೆ ಸಾಕು’ ಎಂದು ಮನೆಮನೆಯಲ್ಲೂ ಮಕ್ಕಳು ಗೊಣಗುತ್ತಾರೆ, ತಾಯಂದಿರೂ ಅದಕ್ಕಿಂತ ಕೆಟ್ಟದ್ದನ್ನು ಆಡುತ್ತಾರೆ, ಸಂಜೆಯ ಹೊತ್ತಿಗೆ ಎಲ್ಲರೂ ಮರೆತು ಊಟಕ್ಕೆ ಕೂರುತ್ತಾರೆ. ಆ ಮರೆವು ಸಿಗದೇ ಹೋದರೆ ಏನಾದೀತು ಎಂಬುದನ್ನು ನಿರ್ದೇಶಕರು ಹಿಡಿದಿದ್ದಾರೆ.

ತೋಟದ ಮನೆ:
ಕ್ಷಮಿಸಿ, ನನಗೆ ಇದು ಒಂದೂವರೆ ಗಂಟೆಯ ಬೇಸರವೆನಿಸಿತು. ಮೊದಲ ಅರ್ಧ ಗಂಟೆ ತಾಯಿ ಮಗಳ ಮುನಿಸು ಬಿಟ್ಟರೆ ಬೇರೇನಿಲ್ಲ. ನಂತರ ರಾತ್ರಿ ಮಾಳಿಗೆಯ ಮೇಲೆ ಹೆಜ್ಜೆ ಸಪ್ಪಳ. ನಮ್ಮ ಮನೆಯ ಅಟ್ಟದ ಮೇಲೆ ಮರಬೆಕ್ಕುಗಳು ರಾತ್ರಿಯಿಡೀ ಓಡಾಡುತ್ತವೆ. ಕಾಫಿ ಹಣ್ಣಾಗುವ ಕಾಲದಲ್ಲಂತೂ ಮರಿಗಳ ಸಮೇತ ಸಂಸಾರ ಹೂಡುತ್ತವೆ. ಹಂಚು ಸರಿಯುವ ಸದ್ದು, ಮರದ ಹಲಗೆಯ ಮೇಲೆ ಉಗುರು ಕೆರೆಯುವ ಸದ್ದು, ನಡುವೆ ಒಂದು ಗಳಿಗೆ ಮೌನ, ಮತ್ತೆ ತಲೆಯ ನೇರಕ್ಕೇ ದೊಪ್ಪೆಂದು ಒಂದು ನೆಗೆತ. ಕೊಡಗಿನ ತೋಟದ ಮನೆಯಲ್ಲಿ ಬೆಳೆದವರನ್ನು ಹೆದರಿಸಲು ಇದಕ್ಕಿಂತ ಹೆಚ್ಚಿನದು ಬೇಕು.

ವಿರಾಜಪೇಟೆ ಓದುಗ:
ಆ ಸದ್ದು ಬೆಕ್ಕಿನದೆಂದು ನಿಮಗೆ ತಿಳಿದಿರುವುದರಿಂದ ನೀವು ನಿದ್ದೆ ಮಾಡುತ್ತೀರಿ. ಹಿಂದಿನ ದಿನ ಏನೋ ಒಂದನ್ನು ಕರೆದು ಬಂದ ಹುಡುಗಿಗೆ ಅದೇ ಸದ್ದು ಹೇಗೆ ಕೇಳಿಸೀತು ಎಂಬುದಷ್ಟೇ ಪ್ರಶ್ನೆ.

ನಾಪೋಕ್ಲು ಹಿರಿಯ:
ಚಿತ್ರ ನೋಡುವಾಗ ನನಗೆ ಕಾಡಿದ್ದು ಬೇರೆ. ಆ ಮನೆಯಲ್ಲಿ ಸತ್ತ ತಂದೆಗೆ ಒಂದು ಜಾಗವೇ ಇಲ್ಲ. ಅವನ ಹೆಸರೆತ್ತಿದರೆ ಜಗಳ, ಎತ್ತದಿದ್ದರೆ ಉಸಿರುಗಟ್ಟುವ ಮೌನ. ನಮ್ಮ ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳ ಬಳಿ ಕೈಮಡ ಎಂಬ ಹಿರಿಯರ ಗುಡಿ ಇರುತ್ತದೆ; ಹಿರಿಯರಾದ ಕಾರೋಣರಿಗೆ ಅಲ್ಲಿ ಮಾಂಸದಡುಗೆ, ಮದ್ಯ ಇಟ್ಟು ನಮಿಸುತ್ತೇವೆ. ಕಾರೋಣ ತೆರೆ ಕಟ್ಟಿದಾಗ, ಅಂದರೆ ಒಬ್ಬನು ವೇಷ ತೊಟ್ಟು ಕಾರೋಣನ ಆವೇಶ ತಾಳಿದಾಗ, ಮನೆಯವರು ಎದುರು ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ತೆರೆ ಕಟ್ಟಿದವನು ಕಾರೋಣನಾಗಿ ಉತ್ತರಿಸುತ್ತಾನೆ, ಕೆಲವೊಮ್ಮೆ ಎಲ್ಲರೆದುರು ಗದರಿಸುವುದೂ ಉಂಟು. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಸತ್ತವರೊಂದಿಗೆ ಮಾತಾಡಲು ಅಲ್ಲಿ ಒಂದು ಹೊತ್ತು, ಒಂದು ಸ್ಥಳ, ಸುತ್ತಲೂ ಜನ ಇರುತ್ತಾರೆ. ಲಿಯಾಳಿಗೆ ಇವು ಯಾವುವೂ ಇಲ್ಲದ್ದರಿಂದಲೇ ಅವಳು ಒಬ್ಬಳೇ ಕಾಡಿಗೆ ಹೋಗಿ ತನ್ನದೇ ಒಂದು ವಿಧಿಯನ್ನು ಮಾಡಿಕೊಂಡಳು ಎಂದು ನನಗನಿಸುತ್ತದೆ.

ಸೋಮವಾರಪೇಟೆ ಟೀಚರ್:
ಹಿರಿಯರ ಮಾತಿನಲ್ಲಿ ಹುರುಳಿದೆ, ಆದರೆ ಕೊಡಗು ಎಂದರೆ ಐನ್‌ಮನೆಯಷ್ಟೇ ಅಲ್ಲ ಎಂಬುದನ್ನು ನೆನಪಿಸಬೇಕಾಗಿದೆ. ನಮ್ಮ ಉತ್ತರ ಭಾಗದ ರೂಢಿಗಳೇ ಬೇರೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಕೈಮಡವೂ ಇಲ್ಲ, ಓದಿಕೊಳ್ಳಲು ಮೂಲೆಯೂ ಇಲ್ಲ. ಐನ್‌ಮನೆ ಇರುವವರಲ್ಲೂ ಎಷ್ಟೋ ಮಂದಿ ಸುಗ್ಗಿಯ ಹಬ್ಬವಾದ ಪುತ್ತರಿಗೊಮ್ಮೆ ಬಂದು ದೀಪ ಹಚ್ಚಿ, ಮರುದಿನವೇ ಬೆಂಗಳೂರಿನ ದಾರಿ ಹಿಡಿಯುತ್ತಾರೆ.

ನನ್ನನ್ನು ತಟ್ಟಿದ್ದು ಸ್ಥಳಾಂತರದ ಭಾಗ. ದೆವ್ವ ಬರುವ ಮೊದಲೇ ಆ ಹುಡುಗಿಯ ಬದುಕು ಬುಡಮೇಲಾಗಿರುತ್ತದೆ: ಶಾಲೆ, ಗೆಳೆಯರು, ತಂದೆ ಓಡಾಡಿದ ಕೋಣೆಗಳು, ಎಲ್ಲವೂ ಅವಳ ಕೈತಪ್ಪುತ್ತವೆ, ಅದೂ ಅವಳನ್ನು ಒಂದು ಮಾತೂ ಕೇಳದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದ ಮೇಲೆ ಮಕ್ಕಂದೂರು ಕಡೆಯ ಕುಟುಂಬಗಳು ಜಂಬೂರು, ಮದೆನಾಡುಗಳ ಹೊಸ ಮನೆಗಳಿಗೆ ಹೋದವಲ್ಲ, ಆಗ ನಮ್ಮ ತರಗತಿಗೆ ಹೊಸದಾಗಿ ಬಂದು ಸೇರಿದ ಮಕ್ಕಳು ಅಳುತ್ತಿರಲಿಲ್ಲ. ಪೆನ್ಸಿಲ್ ಮುರಿದರೆ ಮೇಜು ಒದೆಯುತ್ತಿದ್ದರು. ಹಿರಿಯರಿಗೆ ಅದು ಉದ್ಧಟತನವಾಗಿ ಕಂಡಿತು. ಲಿಯಾಳ ತಾಯಿಗೂ ಮಗಳ ದುಃಖ ಕಂಡದ್ದು ಹಾಗೆಯೇ.

ನಾಪೋಕ್ಲು ಹಿರಿಯ:
ಒಪ್ಪುತ್ತೇನೆ. ಆದರೂ ಪುತ್ತರಿಗೊಮ್ಮೆ ಹಚ್ಚುವ ದೀಪವೂ ಇಲ್ಲದ ಮನೆಗಿಂತ ಅದು ಮೇಲು.

ಮಡಿಕೇರಿ ವಕೀಲ:
ಪೈವ್ಯಾಕೆಟ್ ಎಂಬುದು ಚಿತ್ರಕ್ಕಾಗಿ ಹುಟ್ಟಿಸಿದ ಹೆಸರಲ್ಲ, ಮತ್ತು ಅದರ ಹಿಂದಿನ ಸಂಗತಿ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ಮಾಟಗಾತಿಯರನ್ನು ಪತ್ತೆ ಹಚ್ಚುವುದನ್ನೇ ಕಸುಬಾಗಿಸಿಕೊಂಡಿದ್ದ ಮ್ಯಾಥ್ಯೂ ಹಾಪ್ಕಿನ್ಸ್ ಎಂಬವನು 1647ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಮಾಟಗಾತಿಯರ ಸೇವೆಗೆ ಇದ್ದವೆನ್ನಲಾದ ಭೂತಗಳ ಹೆಸರುಗಳ ನಡುವೆ ಇದೂ ಒಂದು. ಇಂತಹ ಹೆಸರುಗಳನ್ನು ಮನುಷ್ಯರು ಕಲ್ಪಿಸಿಕೊಳ್ಳಲಾರರು, ಆದ್ದರಿಂದ ಇವು ನಿಜವೇ ಇರಬೇಕು ಎಂಬುದು ಅವನ ವಾದ. ಆದರೆ ಆಪಾದಿತರನ್ನು ವಿಚಾರಿಸುತ್ತಿದ್ದ ಬಗೆ ಹೇಗಿತ್ತೆಂದರೆ, ಅವರನ್ನು ಸರದಿಯ ಮೇಲೆ ಕಾವಲು ಕಾದು, ರಾತ್ರಿಗಟ್ಟಲೆ ಮಲಗಗೊಡದೆ ಎಚ್ಚರವಾಗಿ ಇರಿಸುತ್ತಿದ್ದರು. ಅವನ ಕೈಗೆ ಮೊದಲು ಸಿಕ್ಕವಳು ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ಮುದುಕಿ. 1645ರಲ್ಲಿ ಅವಳನ್ನು ಗಲ್ಲಿಗೇರಿಸಿದರು. ಹಲವು ರಾತ್ರಿ ನಿದ್ದೆಗೆಟ್ಟವರ ಬಾಯಿಂದ ಯಾವ ಹೆಸರು ತಾನೇ ಹೊರಡದು?

ಈಗ ಚಿತ್ರಕ್ಕೆ ಬನ್ನಿ. ವಿಧಿ ಮುಗಿದ ಮೇಲೆ ಲಿಯಾ ನೆಮ್ಮದಿಯಾಗಿ ಮಲಗಿದ್ದನ್ನು ನೀವು ನೋಡಿದಿರಾ? ಪ್ರತಿ ರಾತ್ರಿ ಸದ್ದು, ನೆರಳು, ಎದ್ದು ಕೂರುವುದು. ಅವಳು ಕಂಡದ್ದೆಲ್ಲ ನಿದ್ದೆಯಿಲ್ಲದ ಕಣ್ಣಿಗೆ ಕಂಡದ್ದು. ಹೀಗಾಗಿ ಬಂದದ್ದು ಏನೂ ಇಲ್ಲ ಎಂಬುದು ನನ್ನ ನಿಲುವು. ಕೊನೆಯ ಪೊಲೀಸ್ ವಿಚಾರಣೆಯೂ ಅದನ್ನೇ ಹೇಳುತ್ತದೆ.

ವಿರಾಜಪೇಟೆ ಓದುಗ:
ಹಾಗಾದರೆ ಜಾನಿಸ್? ರಾತ್ರಿ ಉಳಿಯಲು ಬಂದ ಗೆಳತಿ ಬೆಳಿಗ್ಗೆ ಕಾರಿನೊಳಗೆ ಮುದುಡಿ ಕುಳಿತಿರುತ್ತಾಳೆ, ಏನನ್ನು ಕಂಡೆನೆಂದು ಬಾಯಿ ಬಿಡುವುದಿಲ್ಲ. ಅವಳು ನಿದ್ದೆಗೆಟ್ಟಿರಲಿಲ್ಲ, ಅವಳಿಗೆ ಸತ್ತ ತಂದೆಯೂ ಇರಲಿಲ್ಲ. ಹುಡುಗಿಯ ಮನಸ್ಸೇ ಎಲ್ಲವನ್ನೂ ಕಟ್ಟಿತು ಎನ್ನುವವರು ಈ ಒಂದು ಬೆಳಗನ್ನು ವಿವರಿಸಬೇಕು.

ಮಡಿಕೇರಿ ವಕೀಲ:
ಅದು ಬಲವಾದ ಆಕ್ಷೇಪವೇ. ಆದರೂ ಜಾನಿಸ್ ಕಂಡದ್ದೇನೆಂದು ನಮಗೆ ತೋರಿಸುವುದಿಲ್ಲ. ನಡುರಾತ್ರಿ ಲಿಯಾಳೇ ಅವಳ ಮಂಚದ ಬಳಿ ಬಂದು ನಿಂತಿರಬಹುದಲ್ಲ? ನ್ಯಾಯಾಲಯದಲ್ಲಿ ಆ ಸಾಕ್ಷ್ಯ ನಿಲ್ಲದು.

ತೋಟದ ಮನೆ:
ವಕೀಲರೇ, ನೀವು ಹೇಳಿದ ಸಾಧ್ಯತೆ ಇಡೀ ಚಿತ್ರಕ್ಕಿಂತ ಹೆಚ್ಚು ಹೆದರಿಸಿತು. ನನ್ನ ಮೊದಲ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ, ಆದರೆ ಆ ದೃಶ್ಯವನ್ನು ಇನ್ನೊಮ್ಮೆ ನೋಡುತ್ತೇನೆ.

ಸೋಮವಾರಪೇಟೆ ಟೀಚರ್:
ರೋವನ್ ಡವ್ ಎಂಬ ಪಾತ್ರದ ಬಗ್ಗೆ ಯಾರೂ ಮಾತೆತ್ತಿಲ್ಲವೇಕೆ? ಮಾಟಮಂತ್ರದ ಪುಸ್ತಕ ಬರೆದು ಎಳೆಯರಲ್ಲಿ ಹೆಸರು ಮಾಡಿದವನು ಅವನು. ಲಿಯಾ ಗಾಬರಿಯಿಂದ ಸಂಪರ್ಕಿಸಿದಾಗ ಅವನು ಎಚ್ಚರಿಕೆ ಕೊಡುತ್ತಾನೆ, ಕಣ್ಣಿಗೆ ಕಂಡದ್ದನ್ನು ನಂಬಬೇಡವೆಂದೂ ಹೇಳುತ್ತಾನೆ. ನನ್ನ ಪ್ರಕಾರ ಕೊಲೆಗೆ ದಾರಿಯಾದದ್ದು ಆ ಸಲಹೆಯೇ. ಎದುರಿಗಿರುವ ತಾಯಿ ತಾಯಿಯಲ್ಲ ಎಂದು ನಂಬಲು ಹುಡುಗಿಗೆ ಒಬ್ಬ ದೊಡ್ಡವರ ಒಪ್ಪಿಗೆ ಸಿಕ್ಕಂತಾಯಿತು. ನಮ್ಮ ಕಾಯ್ದೆಯಲ್ಲಿ ಇಂಥವರಿಗೆ ಶಿಕ್ಷೆ ಉಂಟೇ?

ಮಡಿಕೇರಿ ವಕೀಲ:
ಕರ್ನಾಟಕದ ವಾಮಾಚಾರ ತಡೆ ಕಾಯ್ದೆ ಕೂಡ 2017ರದ್ದೇ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಮುಂತಾದ ಹಿಂಸೆಗಳನ್ನು ಅದು ಅಪರಾಧವೆನ್ನುತ್ತದೆ. ಪುಸ್ತಕ ಬರೆದು ದೂರದಿಂದ ಸಲಹೆ ಕೊಟ್ಟವನನ್ನು ಅದರಡಿ ಹಿಡಿಯುವುದು ಕಷ್ಟ. ಅಲ್ಲದೆ ಅವನು ವಿಧಿಯನ್ನು ಹಿಮ್ಮುಖವಾಗಿ ಮಾಡಿ ಹಿಂಪಡೆ ಎಂದೇ ಹೇಳಿದ್ದ, ಬೆಂಕಿ ಹಚ್ಚೆಂದಲ್ಲ. ನೀವು ಅವನ ಮೇಲೆ ಹೊರಿಸುತ್ತಿರುವ ಹೊರೆ ಸ್ವಲ್ಪ ಹೆಚ್ಚಾಯಿತು.

ಸೋಮವಾರಪೇಟೆ ಟೀಚರ್:
ಹೆಚ್ಚಾಗಲಿಲ್ಲ. ಮಗುವೊಂದು ಹೀಗೆ ಬಂದು ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಮನೆಯಲ್ಲಿ ಏನಾಯಿತು?’ ಎಂಬುದು. ಅವನು ಆ ಪ್ರಶ್ನೆಯನ್ನು ಮುಂದಿಡದೆ ವಿಧಿವಿಧಾನ ಹೇಳುತ್ತಾ ಕೂತ.

ಕುಶಾಲನಗರದ ತಾಯಿ:
ತಡವಾಗಿ ಬಂದೆ. ನನ್ನ ಮಗಳು ಹತ್ತನೇ ತರಗತಿ. ಗೆಳತಿಯರೆಲ್ಲ ಇದನ್ನು ನೋಡಿದ್ದಾರಂತೆ, ತಾನೂ ನೋಡಬೇಕೆಂದು ಹಟ ಹಿಡಿದಿದ್ದಾಳೆ. ತೋರಿಸಬಹುದೇ?

ವಿರಾಜಪೇಟೆ ಓದುಗ:
ರಕ್ತಪಾತ ಅಷ್ಟಾಗಿ ಇಲ್ಲ. ಆದರೆ ಕೈ ಕೊಯ್ದುಕೊಳ್ಳುವ ದೃಶ್ಯವನ್ನು ಹತ್ತಿರದಿಂದ ತೋರಿಸಿದ್ದಾರೆ, ಬೆಂಕಿಯ ದೃಶ್ಯವೂ ಸಹಿಸಲು ಕಷ್ಟ. ಒಬ್ಬಳನ್ನೇ ಕೂರಿಸಬೇಡಿ, ನೀವೂ ಜೊತೆಗೆ ನೋಡಿ. ನಿಮ್ಮಿಬ್ಬರ ನಡುವೆ ಈಗ ಏನಾದರೂ ಮುನಿಸು ನಡೆಯುತ್ತಿದ್ದರೆ ಪರೀಕ್ಷೆ ಮುಗಿಯುವವರೆಗೆ ಮುಂದೂಡಿ.

ಕುಶಾಲನಗರದ ತಾಯಿ:
ಮುನಿಸು ನಡೆಯುತ್ತಿರುವುದೇ ಈ ಚಿತ್ರದ ವಿಷಯಕ್ಕೆ. ಭಾನುವಾರ ಹಗಲಿನಲ್ಲೇ ನೋಡುತ್ತೇವೆ. ಜಾನಿಸ್ ಏನನ್ನು ಕಂಡಳೆಂಬ ಬಗ್ಗೆ ಮಗಳ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತೇನೆ.