ಜೋರು ದನಿ ಅಂದರೆ ಸಿಟ್ಟು ಅಂತಲೇನಾ?

ಘಟ್ಟದ_ಮೇಲಿನವ: ಶಿರಸಿಯಿಂದ ಕಾರವಾರಕ್ಕೆ ಕೆಲಸಕ್ಕೆ ಬಂದಿದ್ದೇನೆ. ನಮ್ಮನೆಯಲ್ಲಿ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ. ಇಲ್ಲಿ ಬಂಗಡೆ ರೇಟು ಕೇಳಿದರೂ ಮೀನಿನ ಅಕ್ಕ ಗದರುತ್ತಾರೆ. ಸಿಟ್ಟೋ ತಮಾಷೆಯೋ, ಹೇಗೆ ತಿಳಿಯೋದು?

ಕೋಡಿಬಾಗದವಳು: ನಮ್ಮಮ್ಮ ಮೀನು ಮಾರುತ್ತಾರೆ, ಅದಕ್ಕೇ ಹೇಳುತ್ತೇನೆ. ದನಿ ಬಿಡಿ. ಆ ಗಲಾಟೆಯಲ್ಲಿ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ? ಕೈ ನೋಡಿ. ಬೈಯುತ್ತಲೇ ಒಂದು ಮೀನು ಜಾಸ್ತಿ ಹಾಕಿದರೆ ಸುಮ್ನೆ ತಮಾಷೆ. ನಿಮ್ಮನ್ನು ಬಿಟ್ಟು ಪಕ್ಕದ ಗಿರಾಕಿ ಕಡೆ ತಿರುಗಿದರೆ, ಮರುದಿನ ಬನ್ನಿ. ಅಮ್ಮ ನಿಜವಾಗಿ ಸಿಟ್ಟಾದಾಗ ಬೈಯುವುದೇ ಇಲ್ಲ.

ಸೈಕಾಲಜಿ_ಓದುಗ: ಕೈ ನೋಡಿ ಅಂದದ್ದು ಚೆನ್ನಾಗಿದೆ. 2012ರಲ್ಲಿ ಮನಃಶಾಸ್ತ್ರಜ್ಞ ಹಿಲ್ಲೆಲ್ ಅವೀಝರ್ ಮತ್ತು ಸಂಗಡಿಗರು ಟೆನಿಸ್ ಆಟಗಾರರ ಫೋಟೊ ತೋರಿಸಿ ಪರೀಕ್ಷೆ ಮಾಡಿದರು. ಪಾಯಿಂಟ್ ಗೆದ್ದ, ಸೋತ ಗಳಿಗೆಯ ಫೋಟೊಗಳು. ಮುಖವಷ್ಟೇ ನೋಡಿದವರಿಗೆ ಗೆದ್ದದ್ದೋ ಸೋತದ್ದೋ ಹೇಳಲು ಆಗಲಿಲ್ಲ. ಮುಖ ಬಿಟ್ಟು ಮೈ ನೋಡಿದವರಿಗೆ ಗೊತ್ತಾಯಿತು. ಆದರೆ ಅದು ಭಾವನೆ ಉಕ್ಕಿದ ಗಳಿಗೆಯ ಮಾತು, ದಿನನಿತ್ಯದ ಮುಖಕ್ಕೆ ಹಾಗೇ ಅಂಟಿಸಬೇಡಿ.

ಘಟ್ಟದ_ಮೇಲಿನವ: ಸರಿ. ನಮ್ಮ ಮ್ಯಾನೇಜರ್ ಮಾತ್ರ ಫೋನಿನಲ್ಲೇ ಸಿಗುತ್ತಾರೆ. "ಹ್ಞೂಂ" ಅನ್ನುತ್ತಾರೆ, ಇಡುತ್ತಾರೆ. ಅದಕ್ಕೇನು ಮಾಡೋಣ, ಅಕ್ಕಾ?